ಕಾರ್ಕ್ ಊರಿನ ಒಪ್ಪತ್ತು

ದೇವನಹಳ್ಳಿ

ನಾನು ಐರ್ಲೆಂಡಿಗೆ ಹೋದದ್ದು ಊರು ನೋಡುವುದಕ್ಕಲ್ಲ, ಮಗಳ ವ್ರತದ ಉದ್ಯಾಪನೆ ಮಾಡಿಸಿ ಬರುವುದಕ್ಕೆ. ಸೂಲಿಬೆಲೆಯಿಂದ ಇಂಥ ಕಾರಣಕ್ಕೆ ಸಮುದ್ರ ದಾಟಿದವರು ಬೇರೆ ಯಾರೂ ಇರಲಾರರು. ನಗುವವರು ನಗಲಿ. ಹೋಗುವಾಗ ನನಗೆ ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ ಅನ್ನಿಸಿತ್ತು.

ಮಗಳು ಭವ್ಯ ಅಲ್ಲಿನ ಕಾರ್ಕ್ ಎಂಬ ಊರಿನಲ್ಲಿ ಹಾಲಿನ ತಂತ್ರಜ್ಞಾನ ಓದುತ್ತಿದ್ದಾಳೆ. ಅವರಪ್ಪ ನಮ್ಮೂರ ಹಾಲಿನ ಡೈರಿಯ ಕಾರ್ಯದರ್ಶಿ. ಕ್ಯಾನುಗಳ ಸದ್ದಿನಲ್ಲೇ ಕಣ್ಣುಬಿಟ್ಟ ಹುಡುಗಿ, ಓದಿದ್ದೂ ಅದನ್ನೇ. ಕಾಲೇಜಿನ ಫೀಸಿಗೆ ಬ್ಯಾಂಕಿನವರು ಸಾಲ ಕೊಟ್ಟರು, ಅದೊಂದು ಪುಣ್ಯ. ತಿಂಗಳ ಖರ್ಚು ಮಾತ್ರ ನಮ್ಮದು. ಅವಳು ಹೊರಡುವ ಮುಂಚೆ ಮೂವರೂ ಅಡುಗೆಮನೆಯಲ್ಲಿ ಕೂತು ಒಂದು ಪಟ್ಟಿ ಬರೆದೆವು. ರೂಮಿನ ಬಾಡಿಗೆ, ಕರೆಂಟು, ಬಸ್ಸು, ಫೋನು, ಪುಸ್ತಕ, ಊಟ. ಎಲ್ಲ ಕೂಡಿದಾಗ ನಮ್ಮನೆಯವರು ಪೆನ್ನು ಕೆಳಗಿಟ್ಟು ಗೋಡೆ ನೋಡಿದರು. ಆಗ ಪೆನ್ನು ಎತ್ತಿಕೊಂಡವಳು ನಾನು.

"ಊಟಕ್ಕೆ ಇಷ್ಟಾ? ಒಂದು ಹೊಟ್ಟೆಗೆ ಎಷ್ಟೇ ಬೇಕು? ರಾಗಿ ಹಿಟ್ಟು, ಸಾರಿನ ಪುಡಿ, ಚಟ್ನಿಪುಡಿ ಎಲ್ಲಾ ನಾನೇ ಕಟ್ಕೊಡ್ತೀನಿ. ಅಲ್ಲಿ ಅಕ್ಕಿ, ಹಾಲು ತಗೊಂಡ್ರೆ ಮುಗೀತು."

ಊಟದ ಸಾಲನ್ನು ಹೊಡೆದು ಹಾಕಿ ಪಕ್ಕದಲ್ಲಿ ಅದರ ಅರ್ಧ ಬರೆದೆ. ಉಳಿದ ಸಾಲುಗಳು ನನಗೆ ಅರ್ಥವಾಗುವಂಥವಲ್ಲ. ಇದೊಂದು ಅರ್ಥವಾಗುತ್ತದೆ ಎಂದುಕೊಂಡಿದ್ದೆ, ಇಪ್ಪತ್ತೈದು ವರ್ಷದಿಂದ ಒಲೆಯ ಮುಂದೆ ನಿಂತವಳಲ್ಲವೇ. ಭವ್ಯ ಏನೋ ಹೇಳಲು ಬಾಯಿ ತೆರೆದಳು. ಅಪ್ಪನ ಮುಖ ನೋಡಿ, "ಆಗುತ್ತೆ ಬಿಡಮ್ಮ" ಅಂದಳು.

ಅವಳು ಹೋದ ಮೇಲೆ ದಿನಾ ಸಂಜೆ ದೇವರ ಮುಂದೆ ದೀಪ ಹಚ್ಚಿ ಫೋನ್ ಮಾಡುವುದು ನನ್ನ ಪದ್ಧತಿ. ನಮಗೆ ಸಂಜೆ ಆದಾಗ ಅಲ್ಲಿ ಮಧ್ಯಾಹ್ನ. "ಊಟ ಆಯ್ತಾ?" ಅನ್ನುತ್ತೇನೆ, "ಆಯ್ತಮ್ಮ" ಅನ್ನುತ್ತಾಳೆ. ಕಾರ್ತಿಕ ಮಾಸದ ಒಂದು ಸೋಮವಾರ, "ರಾತ್ರಿಗೆ ಏನು ಮಾಡ್ಕೋತೀಯ?" ಎಂದು ಕೇಳಿದೆ. ಅವಳು ಸ್ವಲ್ಪ ತಡೆದು, "ಇವತ್ತು ಸೋಮವಾರ ಅಲ್ವಾ, ಒಪ್ಪತ್ತು" ಅಂದಳು.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಮನೆಯಲ್ಲಿದ್ದಾಗ ಶಿವರಾತ್ರಿಯ ದಿನ ಡಬ್ಬಕ್ಕೆ ಕೈ ಹಾಕಿ ಚಕ್ಕುಲಿ ಕದ್ದವಳು ಇವಳು. ಪರದೇಶಕ್ಕೆ ಹೋಗಿ ದಿನಕ್ಕೊಂದೇ ಊಟ ಮಾಡಿ ಶಿವನಿಗೆ ನಡೆದುಕೊಳ್ಳುತ್ತಿದ್ದಾಳೆ! ಮಾರನೆಯ ದಿನ ಈಶ್ವರನ ಗುಡಿಯಲ್ಲಿ ಭಜನೆಗೆ ಬಂದವರಿಗೆಲ್ಲ ಹೇಳಿದೆ. ನಮ್ಮ ಬೀದಿಯ ಜಯಮ್ಮಕ್ಕ, "ಹೆತ್ರೆ ಇಂಥದ್ದನ್ನ ಹೆರ್ಬೇಕು ಕಣೇ" ಅಂದಳು. ಆ ಮಾತಿನ ಮೇಲೆ ನಾನು ಒಂದು ವಾರ ನೆಲದ ಮೇಲೆ ಕಾಲಿಡಲಿಲ್ಲ.

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. "ಹೆಂಗೂ ಮಾಡ್ತಿದೀಯ, ಹದಿನಾರು ಸೋಮವಾರದ ವ್ರತ ಅಂತಲೇ ಹಿಡಿದುಬಿಡು" ಎಂದೆ. ಹಿಡಿದಳು. ತಿಂಗಳು ಕಳೆದ ಮೇಲೆ, "ಗುರುವಾರ ರಾಯರಿಗೂ ಒಂದು ಹಿಡಿಯೇ, ಓದೋ ಮಗು" ಎಂದೆ. "ಆಯ್ತಮ್ಮ, ಹೆಂಗೂ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡೆ.

ಹದಿನಾರು ಮುಗಿದ ಮೇಲೆ ಉದ್ಯಾಪನೆ ಆಗಬೇಕು, ಸಿಹಿ ಪ್ರಸಾದ ಮಾಡಿ ನಾಲ್ಕು ಜನರಿಗೆ ಬಡಿಸಬೇಕು. ಆ ಹುಡುಗಿಗೆ ಏನು ಗೊತ್ತು? ನನ್ನ ಚೀಟಿ ಎತ್ತಿದ ದುಡ್ಡಿತ್ತು. ಬರುತ್ತೇನೆ ಎಂದಾಗ, "ಬರ್ಬೇಡಮ್ಮ, ಆ ಟಿಕೆಟ್ ದುಡ್ಡು ನಂಗೇ ಕಳಿಸ್ಬಿಡು" ಎಂದು ನಕ್ಕಳು. ನಾನೂ ನಕ್ಕೆ.

ವಿಮಾನ ನಿಲ್ದಾಣ ನಮಗೆ ಬೆಂಗಳೂರಿನವರಿಗಿಂತ ಹತ್ತಿರ. ಮಾಳಿಗೆಯ ಮೇಲೆ ಹಪ್ಪಳ ಒಣಗಿಸುವಾಗ ದಿನಾ ತಲೆಯ ಮೇಲೆ ಹೋಗುತ್ತಿದ್ದ ವಿಮಾನದ ಹೊಟ್ಟೆಯೊಳಗೆ ಮೊದಲ ಸಲ ನಾನೇ ಕೂತೆ. ಅದಕ್ಕೂ ಮುಂಚೆ ತಪಾಸಣೆಯಲ್ಲಿ ಪೂಜೆಯ ಚೀಲ ಬಿಚ್ಚಿಸಿದರು. ಕರ್ಪೂರದ ಡಬ್ಬಿ ಎತ್ತಿ ಹಿಡಿದು ಆ ಅಧಿಕಾರಿ, "ಇದು ಹತ್ಕೊಳ್ಳುತ್ತೆ ತಾಯಿ, ಬಿಡೋಕಾಗಲ್ಲ" ಅಂದ.

"ಹತ್ಕೊಳ್ಳಲಿ ಅಂತ ತಾನೇಪ್ಪಾ ತಂದಿರೋದು" ಎಂದೆ.

ಪಾಪ, ನಕ್ಕ. ಡಬ್ಬಿ ಮಾತ್ರ ಕೊಡಲಿಲ್ಲ. ಕುಂಕುಮ ಬಿಟ್ಟನಲ್ಲ, ಅಷ್ಟು ಸಾಕು ಎಂದು ಮುಂದೆ ಹೋದೆ.

ಡಬ್ಲಿನ್

ನಡುವೆ ಒಂದು ಕಡೆ ವಿಮಾನ ಬದಲಾಯಿಸಿ ಡಬ್ಲಿನ್‌ನಲ್ಲಿ ಇಳಿದಾಗ ಮಳೆ ಹನಿಯುತ್ತಿತ್ತು. ಅಲ್ಲಿಯೂ ನನ್ನ ಪೆಟ್ಟಿಗೆಯನ್ನೇ ಬಿಚ್ಚಿಸಿದರು. ಈ ಸಲ ತುಪ್ಪ. ನಮ್ಮ ಹಟ್ಟಿಯ ಹಸುವಿನದು, ನಾನೇ ಬೆಣ್ಣೆ ಕಾಯಿಸಿ ಸೋಸಿ ತುಂಬಿದ್ದು. ಹಾಲಿನ ಪದಾರ್ಥ ಹೊರಗಿನಿಂದ ತರುವ ಹಾಗಿಲ್ಲ ಎಂದು ಆ ಹೆಂಗಸು ಕೈ ಸನ್ನೆಯಲ್ಲಿ ತಿಳಿಸಿ, ಡಬ್ಬವನ್ನು ಕಸದ ತೊಟ್ಟಿಗೆ ಹಾಕಿ, "ಸಾರಿ" ಅಂದಳು. ಈ ದೇಶದವರು ಎಲ್ಲದಕ್ಕೂ ಸಾರಿ ಅನ್ನುತ್ತಾರೆ. ನಾನು ಅವರ ಕಾಲು ತುಳಿದರೂ ಅವರೇ ಸಾರಿ ಅಂದರು.

ಹೊರಗೆ ಭವ್ಯ ನಿಂತಿದ್ದಳು. ದಪ್ಪ ಜಾಕೆಟ್ಟಿನೊಳಗೆ ಮುಖ ಒಂದೇ ಕಾಣುತ್ತಿತ್ತು. ಕೆನ್ನೆ ಇಳಿದಿತ್ತು, ಕಣ್ಣುಗಳು ದೊಡ್ಡದಾಗಿ ಕಾಣುತ್ತಿದ್ದವು. ನಾನು ಅವಳ ಗಲ್ಲ ಹಿಡಿದು ಏನು ಹೇಳಿದೆ ಗೊತ್ತೇ? "ವ್ರತದ ಕಳೆ ಬಂದಿದೆ ಕಣೇ ಮುಖಕ್ಕೆ" ಎಂದೆ. ಈಗ ನೆನೆಸಿಕೊಂಡರೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಕಾರ್ಕ್‌ಗೆ ಬಸ್ಸಿನಲ್ಲಿ ಮೂರು ಗಂಟೆ. ಎರಡೂ ಕಡೆ ಹಸಿರು, ನಮ್ಮ ಕಡೆ ಭರ್ತಿ ಮಳೆ ಬಂದ ವರ್ಷವೂ ಅಂಥ ಹಸಿರು ನೋಡಿಲ್ಲ. ಆದರೆ ಕುರಿಗಳನ್ನು ಬಿಟ್ಟರೆ ಹಸುಗಳೇ ಇಲ್ಲ. ಹಾಲಿನ ದೇಶ ಅಂದೆಯಲ್ಲೇ, ಹಸು ಎಲ್ಲಿ ಎಂದು ಕೇಳಿದೆ.

"ಚಳಿಗಾಲ ಅಲ್ವಾಮ್ಮ, ಎಲ್ಲಾ ಕೊಟ್ಟಿಗೆ ಒಳಗಿರ್ತವೆ. ಹೊತ್ತು ಹೊತ್ತಿಗೆ ಮೇವು. ಯಾವ ಹಸು ಎಷ್ಟು ತಿಂತು, ಯಾವುದು ಬಿಡ್ತು ಅಂತ ಕಂಪ್ಯೂಟರ್‌ನಲ್ಲಿ ಬರುತ್ತೆ. ಒಂದು ಹೊತ್ತು ಕಮ್ಮಿ ತಿಂದ್ರೂ ಗೊತ್ತಾಗೋಗುತ್ತೆ."

"ಅಬ್ಬಾ, ಪುಣ್ಯ ಮಾಡಿದ ಹಸುಗಳು" ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು.

ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರ್‌ಗೆ ಥ್ಯಾಂಕ್ಸ್ ಹೇಳಿ ಇಳಿದರು. ನಮ್ಮ ಹೊಸಕೋಟೆ ಬಸ್ಸಿನಲ್ಲಿ ಹಾಗೆ ಹೇಳಿದರೆ ಡ್ರೈವರ್ ಗಾಬರಿಯಾಗುತ್ತಾನೆ. ನಾನೂ ಹೇಳಿದೆ. ಆತ, "ಹೌ ಆರ್ ಯೂ?" ಎಂದು ಕೇಳಿದ. ಚೆನ್ನಾಗಿದ್ದೇನೆ ಎಂಬುದಕ್ಕೆ ಇಂಗ್ಲಿಷ್ ಹುಡುಕುವಷ್ಟರಲ್ಲಿ ಹಿಂದಿನವಳಿಗೂ ಅದನ್ನೇ ಕೇಳುತ್ತಿದ್ದ.

"ಇಲ್ಲಿ ಅದಕ್ಕೆ ಉತ್ತರ ಕಾಯಲ್ಲಮ್ಮ. ಸುಮ್ನೆ ಕೇಳ್ತಾರೆ" ಅಂದಳು ಭವ್ಯ.

"ಉತ್ತರ ಬೇಡದಿದ್ರೆ ಯಾಕೆ ಕೇಳ್ಬೇಕು? ಎಂಥಾ ಜನ" ಎಂದು ನಾನು ನಕ್ಕಿದ್ದೂ ನೆನಪಿದೆ.

ಕಾರ್ಕ್, ಶುಕ್ರವಾರ

ಗುಡ್ಡದ ಮೇಲೆ ಒಂದಕ್ಕೊಂದು ಅಂಟಿಕೊಂಡ ಮನೆಗಳು. ಅವುಗಳಲ್ಲಿ ಒಂದರ ಮೇಲಂತಸ್ತಿನಲ್ಲಿ ಒಂದು ರೂಮು, ಒಂದು ಅಡುಗೆಮನೆ. ಭವ್ಯಳ ಜೊತೆಗೆ ಕೇರಳದ ಆನ್ ಎಂಬ ಹುಡುಗಿ. ಕೊರಳಲ್ಲಿ ಸಣ್ಣ ಶಿಲುಬೆ, ಬಾಯಿ ತುಂಬ ನಗು. ಆಂಟಿ, ಆಂಟಿ ಎಂದು ಮೊದಲ ದಿನವೇ ಹಚ್ಚಿಕೊಂಡಳು. ನನಗಾಗಿ ತನ್ನ ಮಂಚ ಬಿಟ್ಟು ಕೆಳಗೆ ಹಾಸಿಕೊಂಡಳು. ಒಳ್ಳೆಯ ಜೊತೆ ಸಿಕ್ಕಿದೆ, ಅದೊಂದು ಪುಣ್ಯ ಎಂದುಕೊಂಡೆ.

ಮನೆಯೊಳಗೆ ಹೊರಗಿಗಿಂತ ಚಳಿ. ಗೋಡೆಯ ಹೀಟರ್ ಹಾಕಲು ಹೋದರೆ ಇಬ್ಬರೂ ಒಟ್ಟಿಗೆ ಓಡಿಬಂದರು. ಕರೆಂಟಿಗೆ ಫೋನಿನ ಹಾಗೆ ಮುಂಚೆಯೇ ದುಡ್ಡು ತುಂಬಿಸಬೇಕಂತೆ, ಮುಗಿದರೆ ಮೀಟರ್ ಕುಂಯ್‌ಗುಡುತ್ತದಂತೆ. ಸಂಜೆಯವರೆಗೆ ಕಾಲೇಜಿನ ಲೈಬ್ರರಿಯಲ್ಲಿ ಕೂತು ಬರುತ್ತೇವೆ, ಅಲ್ಲಿ ಬೆಚ್ಚಗಿರುತ್ತದೆ ಅಂದರು. ಎಷ್ಟು ಓದುತ್ತಾರಪ್ಪ ಎಂದು ನನಗೆ ಸಂತೋಷವಾಯಿತು.

ಅಡುಗೆಮನೆಗೆ ಹೋದೆ. ಅಲ್ಲಿ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿತ್ತು. ಮೇಲೆ ಭವ್ಯ, ಆನ್ ಎಂದು ಎರಡು ಹೆಸರು. ಎಡಗಡೆ ಭವ್ಯಳ ದುಂಡು ಅಕ್ಷರದಲ್ಲಿ ಕನ್ನಡದಲ್ಲಿ: ಸೋಮವಾರ, ಶಿವ. ಗುರುವಾರ, ರಾಯರು. ಶನಿವಾರ, ತಿಮ್ಮಪ್ಪ. ಹೆಸರುಗಳ ಕೆಳಗೆ ವಾರವಾರಕ್ಕೂ ಹಸಿರು ಇಂಕಿನ ಗುರುತು. ಫೋನಿನಲ್ಲಿ ವಿಡಿಯೋ ಮಾಡಿದಾಗ ಒಂದೆರಡು ಸಲ ಇದನ್ನು ದೂರದಿಂದ ನೋಡಿದ್ದೆ. ಹತ್ತಿರದಿಂದ ನೋಡಿ ಕಣ್ಣಲ್ಲಿ ನೀರು ಬಂತು. ಆ ಕ್ರಿಸ್ತರ ಹುಡುಗಿಯ ಕೆಳಗೂ ಗುರುತುಗಳಿದ್ದವು, ಶನಿವಾರ ಒಂದೂ ತಪ್ಪಿರಲಿಲ್ಲ. ನಮ್ಮ ತಿಮ್ಮಪ್ಪನ ಮಹಿಮೆ ಎಲ್ಲಿಯವರೆಗೆ ಬಂದಿದೆ ಎಂದು ಕೈ ಮುಗಿದೆ. ಪೆಟ್ಟಿಗೆಯಿಂದ ಕುಂಕುಮ ತೆಗೆದು ಆ ಹಾಳೆಯ ನೆತ್ತಿಗೆ ಒಂದು ಬೊಟ್ಟು ಇಟ್ಟೆ.

ಹಿಂದೆ ನಿಂತಿದ್ದ ಭವ್ಯ, "ಅಮ್ಮಾ..." ಅಂದಳು. ತಿರುಗಿದೆ. "ಏನಿಲ್ಲ. ಕಾಫಿ ಕುಡೀತೀಯಾ?" ಅಂದಳು.

ಶನಿವಾರ, ಅಂಗಡಿ

ಉದ್ಯಾಪನೆಗೆ ಸಾಮಾನು ತರಲು ಮಧ್ಯಾಹ್ನ ದೊಡ್ಡ ಅಂಗಡಿಗೆ ಹೋದೆವು. ನಾನು ಬುಟ್ಟಿಗೆ ಹಾಕುವುದು, ಅವಳು ಬೆಲೆ ನೋಡುವುದು. ಬಾಳೆಹಣ್ಣು ಹಾಕಿದೆ, ದ್ರಾಕ್ಷಿ ಹಾಕಿದೆ, ಬಾದಾಮಿ ಹಾಕಿದೆ. ಎರಡು ಸಾಲು ದಾಟಿ ನೋಡಿದರೆ ಬುಟ್ಟಿಯಲ್ಲಿ ಬಾಳೆಹಣ್ಣು ಮಾತ್ರ ಇತ್ತು. ಅವಳು ಒಂದೊಂದನ್ನೇ ಹಿಂದಕ್ಕೆ ಇಡುತ್ತ ಬಂದಿದ್ದಳು.

"ದೇವರ ಕೆಲಸಕ್ಕೆ ಯಾಕೇ ಇಷ್ಟು ಕೈ ಹಿಡಿತ?"

"ಸ್ವಲ್ಪ ಹೊತ್ತು ಇರಮ್ಮ, ಹಳದಿ ಚೀಟಿ ಹಚ್ತಾರೆ."

ಹಳದಿ ಚೀಟಿ ಅಂದರೆ ಏನೋ ಮಂಗಳದ್ದಿರಬೇಕು ಎಂದು ನಾನು ನಿಂತೆ. ಮೂಲೆಯ ಒಂದು ಕಪಾಟಿನ ಮುಂದೆ ಹತ್ತು ಹದಿನೈದು ಜನ ಸುಮ್ಮನೆ ನಿಂತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅಂಗಡಿಯವನೊಬ್ಬ ಬಂದು, ಅಂದಿಗೆ ಅವಧಿ ಮುಗಿಯುವ ಬ್ರೆಡ್ಡು, ಸೊಪ್ಪು, ಮೊಸರಿಗೆ ಅರ್ಧ ಬೆಲೆಯ ಹಳದಿ ಚೀಟಿ ಅಂಟಿಸತೊಡಗಿದ. ಅವನ ಕೈ ಹಿಂದೆಯೇ ಎಲ್ಲರ ಕೈ. ಇಷ್ಟು ಹೊತ್ತು ಸಾರಿ ಸಾರಿ ಎನ್ನುತ್ತಿದ್ದ ಜನ ಅಲ್ಲಿ ಯಾರೂ ಸಾರಿ ಅನ್ನಲಿಲ್ಲ. ನನ್ನ ಮಗಳು ಇಬ್ಬರ ನಡುವೆ ಭುಜ ತೂರಿಸಿ ಎರಡು ಬ್ರೆಡ್ಡು, ಒಂದು ಸೊಪ್ಪಿನ ಕಟ್ಟು ಎಳೆದುಕೊಂಡಳು. ಅವಳ ಜಾಕೆಟ್ಟಿನ ತೋಳು ಮೇಲಕ್ಕೆ ಸರಿಯಿತು. ನಾನು ತೊಡಿಸಿ ಕಳಿಸಿದ್ದ ಗಾಜಿನ ಬಳೆ ಮೊಣಕೈಯವರೆಗೂ ಜಾರಿತು. ಹೊರಡುವಾಗ ಅದೇ ಬಳೆಯನ್ನು ಸೋಪು ಹಚ್ಚಿ ತೂರಿಸಿದ್ದೆವು.

ಆಗಲೂ ನಾನು ಕೇಳಲಿಲ್ಲ. ಮನಸ್ಸಿಗೆ ಏನೋ ಚುಚ್ಚಿತು, ಅಷ್ಟೆ.

ಮನೆಗೆ ಬಂದು ಅನ್ನ, ಅವರೆಬೇಳೆ ಸಾರು ಮಾಡಿದೆ. ಒಣಗಿಸಿದ ಬೇಳೆ ಮನೆಯಿಂದ ತಂದಿದ್ದೆ, ಅದನ್ನು ಯಾರೂ ಕಿತ್ತುಕೊಂಡಿರಲಿಲ್ಲ. ಇನ್ನೂ ಏಳು ಗಂಟೆ ಆಗಿರಲಿಲ್ಲ, ಆನ್ ತಟ್ಟೆ ಹಿಡಿದು ಬಂದಳು.

"ನೋ ನೋ" ಎಂದೆ ನಾನು, ಬಾಯಿಗೆ ಬಂದ ಇಂಗ್ಲಿಷಿನಲ್ಲಿ. "ಸ್ಯಾಟರ್‌ಡೇ. ತಿಮ್ಮಪ್ಪ. ಯು ಫಾಸ್ಟಿಂಗ್, ನೋ?" ಎಂದು ಫ್ರಿಜ್ಜಿನ ಹಾಳೆ ತೋರಿಸಿದೆ.

ಆ ಹುಡುಗಿ ಜೋರಾಗಿ ನಕ್ಕಳು. "ಟುಡೇ ಯು ಕುಕ್ಡ್, ಆಂಟಿ. ಸೋ ನೋ ತಿಮ್ಮಪ್ಪ!" ಅಂದಳು. ನನಗೆ ತಿಳಿಯಲಿಲ್ಲ ಎಂದುಕೊಂಡು, ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಬಿಡಿಸಿ ಹೇಳಿದಳು. "ತಿಮ್ಮಪ್ಪ ಮೀನ್ಸ್ ನೋ ಡಿನ್ನರ್."

"ಆನ್!" ಎಂದಳು ಭವ್ಯ.

ಅಷ್ಟು ಇಂಗ್ಲಿಷ್ ನನಗೂ ಬರುತ್ತದೆ. ಸೌಟು ಸಾರಿನ ಪಾತ್ರೆಯಲ್ಲೇ ಉಳಿಯಿತು. ಆನ್‌ಳ ನಗು ನಿಂತಿತು. ತಟ್ಟೆ ಮೇಜಿನ ಮೇಲಿಟ್ಟು ಮೆಲ್ಲಗೆ ರೂಮಿಗೆ ಹೋದಳು.

"ಶಿವ ಅಂದ್ರೂ ಅದೇನಾ?" ಎಂದು ಕೇಳಿದೆ.

ಭವ್ಯ ತಲೆ ತಗ್ಗಿಸಿದಳು.

"ರಾಯರು ಅಂದ್ರೂ?"

"ಅಮ್ಮಾ, ಕೂತ್ಕೋ. ಕೂತ್ಕೊಂಡು ಕೇಳು. ಅಕ್ಟೋಬರ್‌ನಲ್ಲಿ ಮನೆ ಓನರ್ ಬಾಡಿಗೆ ಏರಿಸ್ಬಿಟ್ಟ. ಅದನ್ನ ಕಮ್ಮಿ ಮಾಡಕ್ಕಾಗಲ್ಲ, ಬಸ್ ಕಮ್ಮಿ ಮಾಡಕ್ಕಾಗಲ್ಲ, ಕರೆಂಟ್ ಎಷ್ಟು ಕಮ್ಮಿ ಮಾಡ್ಬೋದೋ ಮಾಡಿದ್ವಿ. ಕ್ರಿಸ್‌ಮಸ್ ಆದ್ಮೇಲೆ ಕೆಫೆಯಲ್ಲಿ ನನ್ನ ಕೆಲಸದ ಗಂಟೆ ಕಡಿದ್ರು. ಪಟ್ಟಿಯಲ್ಲಿ ನಮ್ಮ ಕೈಯಲ್ಲಿರೋದು ಒಂದೇ ಸಾಲು."

"ಅದಕ್ಕೆ ದೇವರ ಹೆಸರು ಇಡೋದಾ?"

"ನಾನೆಲ್ಲಿ ಇಟ್ಟೆ? ರಾತ್ರಿಗೆ ಏನು ಅಂತ ನೀನು ಕೇಳಿದೆ. ಬಾಯಿಗೆ ಬಂದಿದ್ದು ಒಪ್ಪತ್ತು ಅಂದೆ. ನಿಂಗೆಷ್ಟು ಖುಷಿಯಾಯ್ತು ಅಂದ್ರೆ, ನಿಜ ಹೇಳಕ್ಕೆ ಧೈರ್ಯ ಬರ್ಲಿಲ್ಲ. ಆಮೇಲೆ ಫೋನಲ್ಲಿ ನೀನು ಫ್ರಿಜ್ ನೋಡ್ತೀಯ ಅಂತ ಹಂಗೇ ಬರೆದ್ವಿ. ಹದಿನಾರು ಅಂದವಳು ನೀನು. ರಾಯರಿಗೂ ಹಿಡಿ ಅಂದವಳೂ ನೀನೇ ಅಮ್ಮ."

"ಅಪ್ಪಂಗೆ ಒಂದು ಮಾತು ಹೇಳ್ಬಾರ್ದಿತ್ತೇನೇ? ಊಟಕ್ಕೆ ಸಾಲ್ತಿಲ್ಲ ಅಂತ?"

ಅವಳು ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಊಟದ ಸಾಲು ಹೊಡೆದು ಹಾಕಿದ್ದು ಅಪ್ಪ ಅಲ್ಲಮ್ಮ."

ಸೋಮವಾರ

ಭಾನುವಾರ ಭವ್ಯ ಊರು ತೋರಿಸುತ್ತೇನೆಂದು ಕರೆದುಕೊಂಡು ಹೋದಳು. ನದಿ ಇತ್ತು, ಸೇತುವೆಗಳಿದ್ದವು, ಇಗರ್ಜಿಯ ಗಂಟೆ ಹೊಡೆಯಿತು. ನೋಡಿದೆ. ಕೇಳಿದರೆ ಹೇಳಲು ಇಷ್ಟೇ ಇದೆ. ನಾನು ಒಳಗೊಳಗೇ ನನ್ನ ಸೋಮವಾರಗಳನ್ನು ಎಣಿಸುತ್ತಿದ್ದೆ. ಅವಳು ಹೊಟ್ಟೆಗಿಲ್ಲದೆ ಮಲಗಿದ ಒಂದೊಂದು ಸೋಮವಾರವನ್ನೂ ನಾನು ಗುಡಿಯಲ್ಲಿ ಹೇಳಿಕೊಂಡು ಮೆರೆದಿದ್ದೆ.

ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ಬಂದವಳೇ, "ಉದ್ಯಾಪನೆ ಬೇಡ ಕಣೇ. ಯಾವ ಮುಖ ಇಟ್ಕೊಂಡು ಮಾಡ್ಲಿ? ದೇವರ ಮುಂದೆ ಸುಳ್ಳು ಹೇಳಿದ ಹಾಗಾಗುತ್ತೆ" ಎಂದೆ.

ಭವ್ಯ ಜಡೆ ಹಾಕಿಕೊಳ್ಳುತ್ತಿದ್ದಳು. "ಮಾಡಮ್ಮ. ಹದಿನಾರು ಸೋಮವಾರವೂ ನಾನು ರಾತ್ರಿ ಉಂಡಿಲ್ಲ. ಅದಂತೂ ಸುಳ್ಳಲ್ಲ" ಅಂದಳು.

ಮಾಡಿದೆ. ಮೇಜಿನ ಮೇಲೆ ಶಿವನ ಪಟ ಇಟ್ಟು, ತುಪ್ಪವಿಲ್ಲದ್ದಕ್ಕೆ ಸೂರ್ಯಕಾಂತಿ ಎಣ್ಣೆಯಲ್ಲಿ ದೀಪ ಹಚ್ಚಿದೆ. ಗೋಧಿ ಹಿಟ್ಟಿನ ಪ್ರಸಾದಕ್ಕೂ ತುಪ್ಪವಿಲ್ಲ. ಮೊದಲು ಸಾರಿಗೆ ಒಗ್ಗರಣೆ ಹಾಕೋಣವೆಂದು ಸಾಸಿವೆ, ಒಣಮೆಣಸಿನಕಾಯಿ ಎಣ್ಣೆಗೆ ಬಿಟ್ಟೆ. ಚಾವಣಿಯಲ್ಲಿದ್ದ ಒಂದು ಬಿಳಿ ಬಿಲ್ಲೆ ಕಿರುಚಲು ಶುರು ಮಾಡಿತು. ಹೊಗೆ ಕಂಡರೆ ಕೂಗುವ ಯಂತ್ರವಂತೆ. ಆನ್ ಕುರ್ಚಿ ಹತ್ತಿ ಟವೆಲ್ ಬೀಸಿದಳು, ಭವ್ಯ ಕಿಟಕಿ ತೆಗೆದಳು, ನಾನು ಶಿವಶಿವಾ ಎನ್ನುತ್ತ ಬಾಣಲೆ ಹಿಡಿದುಕೊಂಡು ಅಡುಗೆಮನೆಯ ನಡುವೆ ನಿಂತೆ.

ಬಾಗಿಲು ತಟ್ಟಿದ ಸದ್ದು. ಕೆಳಗಿನ ಮನೆಯ ಮುದುಕಿ, ಬ್ರೀಡಾ ಎಂದು ಹೆಸರು. ಬೈಯಲು ಬಂದಳೆಂದು ನಾನು ಸೆರಗು ಹೊದ್ದುಕೊಂಡೆ. ಅವಳು ಮೂಗರಳಿಸಿ ಒಳಗೆ ಬಂದು, ಬೊಟ್ಟಿಟ್ಟ ಪಟ, ದೀಪ, ನನ್ನ ಕೈಯ ಬಾಣಲೆ ಎಲ್ಲ ನೋಡಿದಳು. ಆನ್ ನಡೆದದ್ದನ್ನು ಹೇಳುತ್ತ ತುಪ್ಪ ಕಸಕ್ಕೆ ಹೋದ ಕಥೆಯನ್ನೂ ಹೇಳಿರಬೇಕು. ಮುದುಕಿ ಹಣೆ ಬಡಿದುಕೊಂಡು ಕೆಳಗೆ ಹೋದಳು. ಬಂದಾಗ ಕೈಯಲ್ಲಿ ಇಟ್ಟಿಗೆಯಷ್ಟು ದಪ್ಪದ ಬೆಣ್ಣೆ. ನನ್ನ ಕೈಯಲ್ಲಿಟ್ಟು, "ಹೌ ಆರ್ ಯೂ?" ಎಂದು ಕೇಳಿದಳು. ಕೇಳಿ, ಹೋಗದೆ ನಿಂತಳು.

ಕುರ್ಚಿ ಎಳೆದು ಅವಳನ್ನು ಕೂರಿಸಿದೆ.

ಆ ಬೆಣ್ಣೆ ಕಾಯಿಸಿದೆ. ನಮ್ಮ ತುಪ್ಪದಷ್ಟೇ ಘಮ ಬಂತು. ದೀಪಕ್ಕೆ ಎರಡು ತೊಟ್ಟು ಬಿಟ್ಟು, ಪ್ರಸಾದ ಕಲೆಸಿ, ಕೈ ಮುಗಿದು ನಿಂತೆ. ಸ್ವಾಮೀ, ಇವಳು ಉಪವಾಸ ಇದ್ದದ್ದು ನಿನಗೋಸ್ಕರ ಅಲ್ಲ. ಅದು ನಿನಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ದಿನಾ ಸಂಜೆ ನಿನ್ನ ಮುಂದೆಯೇ ಕೂತು ಫೋನ್ ಮಾಡುತ್ತಿದ್ದೆನಲ್ಲ, ಒಂದು ದಿನವಾದರೂ ನನ್ನ ಬಾಯಿ ಕಟ್ಟಬಾರದಿತ್ತೇ? ಇಷ್ಟೇ ಕೇಳಿದ್ದು. ಹರಕೆ ಏನೂ ಹೊರಲಿಲ್ಲ. ಮದುವೆಯಾದ ಮೇಲೆ ದೇವರ ಮುಂದೆ ಏನೂ ಬೇಡದೆ ಎದ್ದದ್ದು ಅದೇ ಮೊದಲು.

ಮೂವರನ್ನೂ ಕೂರಿಸಿ ಬಡಿಸಿದೆ. ಬ್ರೀಡಾ ಸಾರಿನ ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತ ಲವ್ಲಿ ಲವ್ಲಿ ಅಂದಳು. ಭವ್ಯ ಉಂಡಳು. ಚಿಕ್ಕಂದಿನಲ್ಲಿ ಶಾಲೆಯಿಂದ ಬಂದು ಉಣ್ಣುತ್ತಿದ್ದ ಹಾಗೆ, ಎಡಗೈ ನೆಲಕ್ಕೂರುವ ಬದಲು ಮೇಜಿಗೆ ಊರಿ. ಮೂರು ಸಲ ಅನ್ನ ಹಾಕಿಸಿಕೊಂಡಳು. ನಾಲ್ಕನೆಯ ಸಲ ಸೌಟು ತಂದಾಗ ತಟ್ಟೆಗೆ ಕೈ ಅಡ್ಡ ಹಿಡಿದಳು.

"ಸಾಕಾ?"

"ಸಾಕಾಗಿಲ್ಲ. ನಾಳೆಗೆ ಇರ್ಲಿ."

ಅವತ್ತು ನನ್ನದೂ ಉಪವಾಸವಿತ್ತು. ಇಪ್ಪತ್ತೈದು ವರ್ಷದಲ್ಲಿ ಬಾಣಂತನದಲ್ಲಿ ಬಿಟ್ಟರೆ ಸೋಮವಾರದ ಹಗಲು ನಾನು ಅನ್ನ ಮುಟ್ಟಿದವಳಲ್ಲ. ಅವಳ ಪಕ್ಕದಲ್ಲಿ ಕೂತು ಒಂದು ತಟ್ಟೆ ಬಡಿಸಿಕೊಂಡೆ. ಭವ್ಯ ಗಾಬರಿಯಾಗಿ ನೋಡಿದಳು. "ತಿನ್ನು, ನೋಡ್ಬೇಡ" ಎಂದೆ.

ಬಸ್ ನಿಲ್ದಾಣ

ಇನ್ನೂ ಎಂಟು ದಿನ ಇದ್ದೆ. ಎಂಟು ದಿನವೂ ಮೂರು ಹೊತ್ತು ಬೇಯಿಸಿದೆ. ನೆಂಟರಿಗೆ ಚಾಕ್ಲೇಟು ತರಲು ನಮ್ಮನೆಯವರು ಕೊಟ್ಟಿದ್ದ ದುಡ್ಡಿನಲ್ಲಿ ಅಕ್ಕಿ, ಬೇಳೆ, ಎಣ್ಣೆ ತಂದು ಕಪಾಟು ತುಂಬಿಸಿದೆ. ಚಪಾತಿ ಮಾಡಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಗಟ್ಟಿಯಾಗುವಂತೆ ಇಟ್ಟೆ. ಎಷ್ಟು ಬೇಯಿಸಿದರೂ ಎಂಟೇ ದಿನ. ನನ್ನ ಟಿಕೆಟ್ಟಿನ ದುಡ್ಡು ಅವಳ ಕೈಗೆ ಹೋಗಿದ್ದರೆ ಓದು ಮುಗಿಯುವವರೆಗೆ ಆ ಫ್ರಿಜ್ಜಿನ ಮೇಲೆ ದೇವರ ಹೆಸರು ಬೇಕಿರಲಿಲ್ಲ. ಅವಳು ಕೇಳಿಯೂ ಇದ್ದಳು. ನಾವಿಬ್ಬರೂ ನಕ್ಕಿದ್ದೆವು.

ಹೊರಡುವ ಬೆಳಿಗ್ಗೆ ಆ ಹಾಳೆಯನ್ನು ಕಿತ್ತು ಹಾಕಲು ಕೈ ಇಟ್ಟೆ.

"ಹರಿಬೇಡಮ್ಮ" ಅಂದಳು ಭವ್ಯ. ಎದ್ದಿದ್ದ ಮೂಲೆಯನ್ನು ಒತ್ತಿ ಅಂಟಿಸಿ, "ಬೇಕಾಗುತ್ತೆ" ಅಂದಳು.

ಕುಂಕುಮದ ಬೊಟ್ಟಿನ ಸಮೇತ ಅದು ಅಲ್ಲೇ ಉಳಿಯಿತು.

ಬಸ್ಸು ಹತ್ತುವಾಗ, "ಅಪ್ಪಂಗೆ ಹೇಳ್ಬೇಡ, ಬಿಪಿ ಇದೆ" ಅಂದಳು. ಹೇಳಿಯೇ ಹೇಳುತ್ತೇನೆ ಎಂದೆ. ಬಳೆ ಕಳಚಿ ಕೊಡು, ಜಾರಿ ಒಡೆದರೆ ಕೈಗೆ ಚುಚ್ಚುತ್ತದೆ ಎಂದೆ. ಕಳಚಿ ಕೊಟ್ಟಳು. ಸೋಪು ಬೇಕಾಗಲಿಲ್ಲ.

ಸೂಲಿಬೆಲೆ

ನಮ್ಮನೆಯವರಿಗೆ ಬಂದ ದಿನವೇ ಹೇಳಿದೆ. ಅವರು ಎದ್ದು ಹೋಗಿ ಬ್ಯಾಂಕಿನ ಕಾಗದಗಳ ನಡುವೆ ಹುಡುಕಿ ಆ ಪಟ್ಟಿ ತಂದರು. ಹೊಡೆದು ಹಾಕಿದ ಸಾಲಿನ ಮೇಲೆ ಬೆರಳಾಡಿಸಿ, "ನಾನಾದ್ರೂ ಬೇಡ ಅನ್ಬೋದಿತ್ತು" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಚೀಟಿ ಹಾಕುವುದು ನಿಲ್ಲಿಸಿದೆವು. ಆ ದುಡ್ಡು ಈಗ ಅಲ್ಲಿಗೆ ಹೋಗುತ್ತದೆ. ಅಷ್ಟಾದರೂ ಇದೆಯಲ್ಲ ಎನ್ನುವ ಮಾತು ಬಾಯಿಗೆ ಬರುತ್ತದೆ, ಮುಂಚಿನ ಹಾಗೆ ಸಲೀಸಾಗಿ ಹೊರಡುವುದಿಲ್ಲ.

ನಾದಿನಿ ಬಂದು ಖಾಲಿ ಪೆಟ್ಟಿಗೆ ನೋಡಿ, "ಏನತ್ತಿಗೆ, ಒಂದು ಚಾಕ್ಲೇಟೂ ಸಿಗ್ಲಿಲ್ವಾ ಆ ದೇಶದಲ್ಲಿ?" ಎಂದು ಚುಚ್ಚಿ ಹೋದಳು. ಹೋಗಲಿ.

ಗುಡಿಯಲ್ಲಿ ಜಯಮ್ಮಕ್ಕ ಕಾದಿದ್ದಳು. "ಉದ್ಯಾಪನೆ ಆಯ್ತೇನೇ? ನಮ್ಮ ಮೊಮ್ಮಗಳೂ ಕೆನಡಾಕ್ಕೆ ಹೋಗ್ತಾವ್ಳೆ ಕಣೇ. ಅವಳ ಕೈಲೂ ಈ ಹದಿನಾರು ಸೋಮವಾರ ಹಿಡಿಸ್ಬೇಕು ಅಂತಿದೀನಿ. ನಿನ್ ಮಗಳ ತಾವ ಒಂದ್ಮಾತು ಹೇಳ್ಸು" ಅಂದಳು. ಸುತ್ತ ಏಳೆಂಟು ಜನ. ನನ್ನ ಬಾಯಿಂದಲೇ ಭವ್ಯಳ ಭಕ್ತಿಯ ಕಥೆ ಕೇಳಿದವರು ಎಲ್ಲರೂ.

ಆಯಿತು ಅನ್ನಬಹುದಿತ್ತು. ಒಂದು ಮಾತಿನಲ್ಲಿ ಮಾನ ಉಳಿಯುತ್ತಿತ್ತು.

"ಅದು ವ್ರತ ಆಗಿರ್ಲಿಲ್ಲ ಜಯಮ್ಮಕ್ಕ" ಎಂದೆ. "ತಿನ್ನಕ್ಕಿರ್ಲಿಲ್ಲ. ನಾನು ಪಟ್ಟಿ ಬರೆಯುವಾಗ ಊಟಕ್ಕೆ ಕೈ ಹಾಕಿದ್ದೆ. ನೀನು ಪಟ್ಟಿ ಬರೆದ್ರೆ ಬೇರೆ ಎಲ್ಲಾದ್ರೂ ಕಡಿ, ಅದೊಂದನ್ನ ಮುಟ್ಬೇಡ."

ಭಜನೆಯ ತಾಳ ಹಿಡಿದವರು ಹಾಗೆಯೇ ಹಿಡಿದುಕೊಂಡಿದ್ದರು. ಜಯಮ್ಮಕ್ಕ ನನ್ನ ಮುಖ ನೋಡಿ, "ಅಯ್ಯೋ ಮಗಾ" ಅಂದಳು. ಅದು ನನಗೋ ಭವ್ಯಳಿಗೋ ತಿಳಿಯಲಿಲ್ಲ.

ಈಗಲೂ ಸಂಜೆ ದೀಪ ಹಚ್ಚಿ ಫೋನ್ ಮಾಡುತ್ತೇನೆ. ಊಟ ಆಯ್ತಾ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಆ ಬಸ್ಸಿನ ಡ್ರೈವರನ ಹಾಗೆಯೇ ನಾನೂ ಅದನ್ನು ಕೇಳಿ ಮುಂದಕ್ಕೆ ಹೋಗುತ್ತಿದ್ದೆ. ಹೋದ ಮಂಗಳವಾರ ಬೇರೆ ಥರ ಕೇಳಿದೆ.

"ನಿನ್ನೆ ರಾತ್ರಿ ಏನು ತಿಂದೆ?"

"ನಿನ್ನೆ ರಾತ್ರಿನಾ?" ಅಂದಳು.

ನೆಟ್‌ವರ್ಕ್ ಚೆನ್ನಾಗಿಯೇ ಇತ್ತು. ಹಿಂದೆ ಆನ್ ಏನೋ ಹಾಡಿಕೊಳ್ಳುವುದು, ಹೊರಗೆ ಮಳೆ ಬೀಳುವುದು ಎಲ್ಲ ಕೇಳುತ್ತಿತ್ತು. ನಾನು ಫೋನ್ ಕಿವಿಗೊತ್ತಿಕೊಂಡು ಅವಳ ಉತ್ತರಕ್ಕೆ ಕಾಯುತ್ತ ಕೂತೆ.